ಮೂರನೆಯ ಗುಪ್ತ ಗ್ರಾಹಕ

ಎದುರಿನ ಅಂಗಡಿಯ ಗಾಜಿಗೆ ಅಂಟಿಸಿದ್ದ ಕಂದು ಕಾಗದವನ್ನು ಕಿತ್ತ ದಿನ ನಾನು ನಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಮೊದಲ ಒಂದು ಗಂಟೆಯಲ್ಲಿ ತಂಡತಂಡವಾಗಿ ಜನ ಒಳಗೆ ಹೋದರು. ಕಂಪ್ಯೂಟರ್ ಪೆಟ್ಟಿಗೆ ಹೊತ್ತುಕೊಂಡು ಹೊರಗೆ ಬಂದವರು ಒಬ್ಬರೂ ಇಲ್ಲ. ನನಗೆ ಸಮಾಧಾನವಾಯಿತು. ಅಲ್ಲೇ ನಾನು ಎಡವಿದ್ದು. ಕೈ ಬೀಸಿಕೊಂಡು ಹೋದವರೆಲ್ಲ ಮುಂದಿನ ವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮತ್ತೆ ಅಲ್ಲಿಗೇ ಬಂದರು.

ತೆಲುಗು ಸೀಮೆಯ ದೊಡ್ಡ ನಗರದಲ್ಲಿ, ತಾರ್ನಾಕದ ಮುಖ್ಯರಸ್ತೆಯಲ್ಲಿ, ಯೂನಿವರ್ಸಿಟಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿ ಇತ್ತು. ನಗರದ ಇನ್ನೊಂದು ತುದಿಯಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿಯ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಮನೆಯಲ್ಲಿ ಒಬ್ಬ ಮಗನೋ ಮಗಳೋ ಇದ್ದರೆ ಒಂದು ಕಂಪ್ಯೂಟರ್ ಇರಲೇಬೇಕು ಎಂದು ಜನ ನಂಬಿದ್ದರು. ಎದುರಿನ ಅಂಗಡಿ ತೆರೆಯುವುದಕ್ಕೆ ಆರು ತಿಂಗಳ ಹಿಂದೆ ನಾನು ಒಂದು ದೊಡ್ಡ ಕಂಪನಿಯ ಬೋರ್ಡು ಹಾಕಿಕೊಂಡಿದ್ದೆ. ಅಂದರೆ ಆ ಕಂಪನಿಯ ಮಾಲು ಬಿಟ್ಟು ಬೇರೆ ಯಾವುದನ್ನೂ ಮಾರುವಂತಿಲ್ಲ. ಬಿಡಿಭಾಗ ತಂದು ಜೋಡಿಸಿಕೊಡುವ ಹಳೆಯ ಕೆಲಸವನ್ನೂ ಮಾಡುವಂತಿಲ್ಲ, ರಿಪೇರಿಯನ್ನೂ ಮಾಡುವಂತಿಲ್ಲ. ಎದುರಿಗೆ ಬಂದದ್ದು ಅದರ ಪ್ರತಿಸ್ಪರ್ಧಿ ಕಂಪನಿ.

ಒಪ್ಪಂದಕ್ಕೆ ಸಹಿ ಹಾಕುವಾಗ ನಾನು ಚೆನ್ನಾಗಿಯೇ ಚೌಕಾಸಿ ಮಾಡಿದ್ದೆ. ಎ.ಸಿ. ಅವರದು, ಗಾಜು ಅವರದು, ಮೇಜು ಅವರದು, ಹೊರಗಿನ ಬೋರ್ಡಿನ ದೀಪದ ಕರೆಂಟೂ ಅವರದು. ಹೊರಗೆ ಬಂದು ಗೆದ್ದೆನೆಂದು ಬೀಗಿದ್ದೆ. ನೀವು ಯಾವತ್ತಾದರೂ ಇಂಥ ಕಾಗದಕ್ಕೆ ಸಹಿ ಹಾಕುವುದಿದ್ದರೆ ಒಂದು ಮಾತು ನೆನಪಿಡಿ. ಅವರು ಏನು ಕೊಡುತ್ತಾರೆ ಎಂಬ ಸಾಲಿನ ಮೇಲೆ ಜಗ್ಗಾಡಬೇಡಿ, ನೀವು ಏನು ಮಾಡತಕ್ಕದ್ದಲ್ಲ ಎಂಬ ಸಾಲಿನ ಮೇಲೆ ಜಗ್ಗಾಡಿ. ನಾನು ಆ ಸಾಲನ್ನು ಓದಿ, ತಲೆಯಾಡಿಸಿ, ಪುಟ ಮಗುಚಿದ್ದೆ.

ನಮ್ಮಲ್ಲಿ ಜೋಡಣೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಬೀದರ್ ಕಡೆಯವರು, ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಯಂತ್ರದ ಸದ್ದು ಕೇಳಿಯೇ ಯಾವ ಫ್ಯಾನು ಸವೆದಿದೆ ಎಂದು ಹೇಳುವ ಮನುಷ್ಯ. ಬೋರ್ಡು ಬದಲಾದ ಮೇಲೆ ಅವರಿಗೆ ಕೆಲಸವೇ ಇರಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಇಳಿಸಿ ಏರಿಸಿಕೊಂಡು ಇದ್ದರು. ನಮ್ಮ ಹಳೆಯ ತಗಡಿನ ಬೋರ್ಡನ್ನು ಇಳಿಸಿದ ದಿನ, ಅದು ಬೇಕೇನ್ರಿ ಎಂದು ಕೇಳಿ, ನಾನು ಬೇಡವೆಂದ ಮೇಲೆ ಆಟೋದಲ್ಲಿ ಹಾಕಿಕೊಂಡು ಮನೆಗೆ ಒಯ್ದಿದ್ದರು.

ಎದುರಿನವರು ಬಂದ ಮರುವಾರ ನಮ್ಮ ಕಂಪನಿಯ ಏರಿಯಾ ಮ್ಯಾನೇಜರ್ ಬಂದ. ಮೈಸೂರಿನ ಹುಡುಗ, ಒಳ್ಳೆಯ ಮನೆತನದವನು, ಜೋರಾಗಿ ಮಾತಾಡಿ ಗೊತ್ತಿಲ್ಲದವನು. ಇನ್ನು ಮೂರು ತಿಂಗಳಲ್ಲಿ ಮೂರು ಸಲ ಗುಪ್ತ ಗ್ರಾಹಕರು ಬರುತ್ತಾರೆ ಎಂದು ತಿಳಿಸಿದ. ಕೊಳ್ಳುವವರ ಹಾಗೆ ಬಂದು, ನೋಡಿಕೊಂಡು ಹೋಗಿ, ಅಂಕ ಹಾಕುವವರು. ಮೂರರಲ್ಲಿ ಎರಡು ಸಲ ಪಾಸಾದರೆ ಬೋರ್ಡು ಉಳಿಯುತ್ತದೆ. ಇಲ್ಲದಿದ್ದರೆ ಉಪ್ಪಲ್ ಕಡೆ ನಮಗಿಂತ ಮೂರು ಪಟ್ಟು ಜಾಗ ಇರುವ ಒಬ್ಬರು ಅದಕ್ಕಾಗಿ ಕಾಯುತ್ತಿದ್ದಾರೆ.

"ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಮೇಡಂ. ಪುಸ್ತಕದಲ್ಲಿರೋ ಹಾಗೆ ಮಾಡಿಬಿಡಿ ಸಾಕು," ಎಂದ.

ಆ ಪುಸ್ತಕ ಈಗಲೂ ಬಾಯಿಪಾಠ ಬರುತ್ತದೆ. ಗ್ರಾಹಕ ಬಾಗಿಲು ದಾಟಿದ ಅರ್ಧ ನಿಮಿಷದೊಳಗೆ ನಗುಮುಖದ ಸ್ವಾಗತ. ನೀಲಿ ಕೋಟು ಕಡ್ಡಾಯ. ಲ್ಯಾಪ್‌ಟಾಪುಗಳ ಮುಚ್ಚಳ ಎಷ್ಟು ತೆರೆದಿರಬೇಕು ಎಂಬುದಕ್ಕೆ ಒಂದು ರಟ್ಟಿನ ತ್ರಿಕೋನ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಅದನ್ನು ಇಟ್ಟು ಅಳೆದು ಸರಿಮಾಡಬೇಕು. ಆಮೇಲೆ ಹನ್ನೊಂದು ಹಂತದ ಪ್ರದರ್ಶನ. ಎಂಟನೆಯ ಹಂತಕ್ಕೆ ಮುಂಚೆ ಬೆಲೆಯ ಮಾತು ಎತ್ತುವಂತಿಲ್ಲ. ಗ್ರಾಹಕನೇ ಕೇಳಿದರೂ ನಕ್ಕು, "ಅದಕ್ಕೂ ಮೊದಲು ನಿಮಗೆ ಒಂದು ಸಂಗತಿ ತೋರಿಸಬೇಕು" ಅನ್ನಬೇಕು. ಮೇಜಿನ ಮೇಲಿನ ಆರೂ ಯಂತ್ರಗಳಲ್ಲಿ ಕಂಪನಿಯ ಚಿತ್ರ ಓಡುತ್ತಿರಬೇಕು. ಸಮುದ್ರ, ಹಕ್ಕಿ, ಓಡುವ ಕುದುರೆ. ಯಾವ ಕೀಲಿ ಒತ್ತಿದರೂ ಚಿತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅಷ್ಟೇ. ಚಿತ್ರ ಎಷ್ಟು ಹೊತ್ತು ಓಡಿತು ಎಂಬ ವರದಿ ದಿನಾ ಮುಖ್ಯ ಕಚೇರಿಗೆ ಹೋಗುತ್ತದೆ.

ಮೊದಲ ಗುಪ್ತ ಗ್ರಾಹಕ ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ವರದಿ ಬಂದಾಗ ತಿಳಿಯಿತು. ಸ್ವಾಗತ ತಡವಾಗಿದೆ, ಎರಡನೆಯ ಹಂತದಲ್ಲೇ ಬೆಲೆ ಹೇಳಲಾಗಿದೆ. ಹೇಳಿದವಳು ನಾನೇ. ಯಾರೋ ಎಷ್ಟ್ರೀ ಇದು ಎಂದು ಕೇಳಿರುತ್ತಾರೆ, ನಾನು ಹೇಳಿರುತ್ತೇನೆ. ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ಒಂಬತ್ತು ವರ್ಷ ಗಾದಿಯ ಮೇಲೆ ಕೂತು ಮಾರಿದವಳು, ಬೆಲೆ ಕೇಳಿದರೆ ಸಮುದ್ರ ತೋರಿಸುವುದು ಹೇಗೆ?

ನಾಪಾಸಾದ ಮೇಲೆ ನನ್ನ ನಾದಿನಿಯನ್ನು ಕರೆದುಕೊಂಡು ಎದುರಿನ ಅಂಗಡಿಗೆ ಗಿರಾಕಿಯ ಹಾಗೆ ಹೋದೆ. ಅವರೂ ನಮ್ಮಲ್ಲಿಗೆ ತಮ್ಮ ಜನರನ್ನು ಕಳಿಸುತ್ತಿದ್ದರು, ಅದರಲ್ಲಿ ನಾಚಿಕೆಯೇನಿಲ್ಲ. ಬಾಗಿಲಲ್ಲಿದ್ದ ಹುಡುಗಿ ನನ್ನ ಗುರುತು ಹಿಡಿದಳು. ಆದರೂ ನಕ್ಕು ಒಂದು ಸ್ಟೂಲು ಎಳೆದು ಕೂರಿಸಿದಳು. ಅಲ್ಲಿ ಯಾವ ಯಂತ್ರಕ್ಕೂ ನಮ್ಮಲ್ಲಿದ್ದಂಥ ಚಿತ್ರದ ಬೀಗವಿಲ್ಲ. ಒಬ್ಬ ಮುದುಕರು ಒಂದೇ ಬೆರಳಿನಲ್ಲಿ ತಮ್ಮ ಹೆಸರು ಕುಟ್ಟುತ್ತಿದ್ದರು. ಮಕ್ಕಳು ಬಣ್ಣ ಹಚ್ಚುತ್ತಿದ್ದರು. ಹೊರಡುವಾಗ ಅವರವರು ಬರೆದದ್ದನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿ ಕೈಗೆ ಕೊಡುತ್ತಿದ್ದರು. ಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ನನ್ನ ನಾದಿನಿ ಒಂದು ಗುಲಾಬಿ ಹೂ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಮನೆಗೆ ತಂದು ಫ್ರಿಜ್ಜಿಗೆ ಅಂಟಿಸಿದಳು. ಎದುರಾಳಿಯ ಕಾಗದ ನಮ್ಮದೇ ಮನೆಯ ಫ್ರಿಜ್ಜಿನ ಮೇಲೆ.

ಇದು ನನಗೆ ಗೊತ್ತಿಲ್ಲದ ವಿದ್ಯೆಯೇ? ಸೀರೆ ಅಂಗಡಿಯಲ್ಲಿ ಮೊದಲು ಕಲಿಸುವುದೇ ಇದು. ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕು. ಮೈಮೇಲೆ ಬಿದ್ದ ಸೀರೆಯನ್ನು ತೆಗೆದುಕೊಡಲು ಯಾವ ಹೆಂಗಸಿಗೂ ಮನಸ್ಸು ಬರುವುದಿಲ್ಲ. ಅದನ್ನೇ ಮ್ಯಾನೇಜರಿಗೆ ಹೇಳಿದೆ. ಬೀಗ ತೆಗೆಸಿ, ಜನ ಮುಟ್ಟಲಿ ಎಂದು ಮೂರು ಪತ್ರ ಬರೆದೆ, ಎರಡು ಸಲ ಫೋನು ಮಾಡಿದೆ. ಅವನು ಬಂದು ಕೂತು ಚಹಾ ಕುಡಿದು, ನನ್ನ ಮಾತೆಲ್ಲ ಬರೆದುಕೊಂಡ.

"ನೀವು ಹೇಳೋದು ನೂರಕ್ಕೆ ನೂರು ಸರಿ ಮೇಡಂ. ಆದ್ರೆ ಅಂಕ ಹಾಕೋರು ನೀವೂ ಅಲ್ಲ, ನಾನೂ ಅಲ್ಲ."

ಸರಿ, ಅಂಕ ಹಾಕುವವರನ್ನೇ ಹಿಡಿಯೋಣ ಎಂದುಕೊಂಡೆ. ಇಲ್ಲಿ ನನ್ನ ಚಾಲಾಕಿತನ ನನಗೇ ತಿರುಗಿತು. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕೊಳ್ಳಲು ಯಾರೂ ಒಂಟಿಯಾಗಿ ಬರುವುದಿಲ್ಲ. ಅಪ್ಪ, ಅವ್ವ, ಓದುವ ಮಗಳು, ಕಂಪ್ಯೂಟರ್ ಗೊತ್ತಿರುವ ಸೋದರಮಾವ, ಸಾಲದ್ದಕ್ಕೆ ಪಕ್ಕದ ಮನೆಯವರು. ಕೈಯಲ್ಲಿ ಚೀಲ ಇರುತ್ತದೆ, ಟಿಫಿನ್ ಡಬ್ಬಿಯೂ ಇರುತ್ತದೆ. ಒಂಟಿಯಾಗಿ, ಬರಿಗೈಯಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಗಡಿಯಾರ ನೋಡುವವನು ಗುಪ್ತ ಗ್ರಾಹಕನಲ್ಲದೆ ಬೇರೆ ಯಾರು? ನಮ್ಮ ಇಬ್ಬರು ಸೇಲ್ಸ್ ಹುಡುಗರಿಗೆ ಇದನ್ನೇ ಹೇಳಿಕೊಟ್ಟೆ. ಒಂಟಿ ಬಂದರೆ ಕೋಟಿನ ಗುಂಡಿ ಹಾಕಿ ಓಡಿ.

ಉಪಾಯ ಫಲಿಸಿತು. ಎರಡನೆಯ ತಿಂಗಳು ಅಂಥ ಒಬ್ಬ ಬಂದ. ಹುಡುಗರು ಹನ್ನೊಂದೂ ಹಂತ ಒಪ್ಪಿಸಿದರು. ಪಾಸಾದೆವು. ಮ್ಯಾನೇಜರ್ ಸಿಹಿ ತಂದುಕೊಟ್ಟ. ಆದರೆ ಆ ತಿಂಗಳು ಗೋದಾಮಿನಿಂದ ಪೆಟ್ಟಿಗೆ ಇಳಿದದ್ದು ತೀರಾ ಕಡಿಮೆ. ಉಸ್ತಾದರು ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಕಾರಣ ಹೇಳಿದರು.

"ಅಕ್ಕಾರ, ಒಂದು ಮಾತ ಅಂತೀನಿ, ಸಿಟ್ಟಾಗಬ್ಯಾಡ್ರಿ. ತಗೊಳ್ಳೋ ಮಂದಿ ಬಾಗಿಲದಾಗ ನಿಂತಿರತಾರ. ನಮ್ಮ ಹುಡುಗುರು ತಗೊಳ್ಳಲಾರದಾಂವಗ ಸಲಾಂ ಹೊಡ್ಯಾಕತ್ತಾರ."

"ಬೋರ್ಡ್ ಉಳೀಬೇಕಲ್ಲ ಉಸ್ತಾದ್."

"ಉಳೀಲಿ ಬಿಡ್ರಿ. ಬೋರ್ಡ್ ನೋಡ್ಕೋತ ಇಬ್ರೂ ಕೂಡೋಣು."

ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅದೇ ಕಂಪನಿಯ ಒಂದು ಕಂಪ್ಯೂಟರನ್ನು ನನ್ನ ಸ್ವಂತ ಹೆಸರಿಗೆ ಬಿಲ್ ಮಾಡಿಸಿಕೊಂಡೆ. ಕೊನೆಯ ಮೂಲೆಯಲ್ಲಿ ಒಂದು ಹಳೆಯ ಮೇಜು ಹಾಕಿ, ಅದರ ಮೇಲೆ ಇಡಿಸಿದೆ. ಪಕ್ಕದಲ್ಲಿ ಒಂದು ಪ್ರಿಂಟರ್, ಮುಂದೆ ಎರಡು ಸ್ಟೂಲು. ಅದು ನನ್ನ ಯಂತ್ರ, ಅದರಲ್ಲಿ ಸಮುದ್ರವಿಲ್ಲ, ಕುದುರೆಯಿಲ್ಲ, ಬೀಗವಿಲ್ಲ. ಆರು ಇರಬೇಕಾದಲ್ಲಿ ಏಳು ಯಂತ್ರ ಇಡುವುದೂ ಪುಸ್ತಕದ ಪ್ರಕಾರ ತಪ್ಪೇ. ಮ್ಯಾನೇಜರ್ ಬರುವ ಸುಳಿವು ಸಿಕ್ಕರೆ ಉಸ್ತಾದರು ಅದರ ಮೇಲೊಂದು ಚಾದರ ಹೊದಿಸುತ್ತಿದ್ದರು. ಹತ್ತು ದಿನದಲ್ಲಿ ಆ ಮೂಲೆಯಿಂದಲೇ ಐದು ಪೆಟ್ಟಿಗೆ ಹೋದವು. ಆ ಹತ್ತು ದಿನ ಅಂಗಡಿ ನನ್ನದು ಅನ್ನಿಸಿತ್ತು.

ಮೂರನೆಯ ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಒಂದು ಪಾಸು, ಒಂದು ನಾಪಾಸು. ಕೊನೆಯವನು ಯಾವಾಗ ಬೇಕಾದರೂ ಬರಬಹುದು.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತು. ಒಬ್ಬ ಹುಡುಗ ರಜೆಯಲ್ಲಿದ್ದ, ಇನ್ನೊಬ್ಬ ಹಬ್ಸಿಗುಡದ ಮನೆಯೊಂದಕ್ಕೆ ಕಂಪ್ಯೂಟರ್ ಮುಟ್ಟಿಸಲು ಹೋಗಿದ್ದ. ಹುಮನಾಬಾದ್ ಕಡೆಯ ಒಂದು ಮನೆಯವರು ಬಂದರು. ಅಪ್ಪ ಔಷಧಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಜೊತೆಗೆ ಅವರ ತಾಯಿ ಮತ್ತು ಕಾಲೇಜು ಸೇರಿದ ಮಗಳು. ನನ್ನ ಮಾತು ಕೇಳಿದೊಡನೆ ಅಪ್ಪನ ಮುಖ ಅರಳಿತು.

"ನೀವು ನಮ್ಮ ಕಡೇವ್ರ ಏನ್ರಿ ಅಕ್ಕಾ? ಮತ್ತ ಹೊರಗ ಬೋರ್ಡಿನ್ಯಾಗ ಒಂದಕ್ಷರಾನೂ ಕನ್ನಡ ಇಲ್ಲಲ್ಲ?"

ಹಳೆಯ ಬೋರ್ಡಿನಲ್ಲಿ ಇತ್ತು ಎಂದು ನಾನು ಹೇಳಲಿಲ್ಲ. ಮಗಳನ್ನು ಕರೆದು ಮೂಲೆಯ ಯಂತ್ರದ ಮುಂದೆ ಕೂರಿಸಿದೆ. ಹುಡುಗಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ಕಾಲೇಜಿನಲ್ಲಿ ಒಂದು ಯಂತ್ರಕ್ಕೆ ಆರು ಜನ, ತಾನು ಹಿಂದೆ ನಿಂತು ನೋಡಿದ್ದಷ್ಟೇ, ಮುಟ್ಟಿಲ್ಲ ಅಂದಳು. ಕೆಟ್ಟರೆ ಎಂಬ ಹೆದರಿಕೆ.

"ಕೆಡಲಿ ಬಿಡವ್ವಾ. ಇದು ನಂದೇ. ಬಡಿ," ಎಂದೆ.

ಅಜ್ಜಿ ಪರದೆಯ ಹತ್ತಿರ ಮುಖ ಒಯ್ದು ನೋಡಿದರು. "ಇದು ಏನೂ ತೋರಸವಲ್ದಲ್ಲ? ಅಲ್ಲಿ ಕುದರಿ ಓಡಾಕತ್ತೈತಿ."

"ಇದ್ರಾಗ ನಿಮ್ಮ ಮೊಮ್ಮಗಳು ಓಡಸ್ತಾಳ ನೋಡ್ರಿ ಅಜ್ಜಿ."

ಹುಡುಗಿ ಮೊದಲ ಅಕ್ಷರ ಒತ್ತಿದಳು. ಅದು ಪರದೆಯ ಮೇಲೆ ಮೂಡಿದ್ದೇ ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೊಂದು ಒತ್ತಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಒಂಟಿ ಮನುಷ್ಯ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು, ಬರಿಗೈ. ಒಳಗೆ ಕಾಲಿಟ್ಟ ಕೂಡಲೇ ಗಡಿಯಾರ ನೋಡಿಕೊಂಡ. ನೇರವಾಗಿ ಮೊದಲನೆಯ ಮೇಜಿಗೆ ಹೋಗಿ ಮುಚ್ಚಳದ ಕೋನವನ್ನು ಬಗ್ಗಿ ನೋಡಿದ. ಸಂಶಯವೇ ಇರಲಿಲ್ಲ. ಅರ್ಧ ನಿಮಿಷವಿತ್ತು. ನನ್ನ ಕೋಟು ಕುರ್ಚಿಯ ಬೆನ್ನಿಗಿತ್ತು. ಏಳಬೇಕು, ತೊಡಬೇಕು, ನಗಬೇಕು, ಅಷ್ಟೇ. ಬೋರ್ಡು ಉಳಿಯುತ್ತಿತ್ತು.

ಹುಡುಗಿ ತನ್ನ ಹೆಸರಿನ ನಾಲ್ಕನೆಯ ಅಕ್ಷರ ಹುಡುಕುತ್ತಿದ್ದಳು. ಅವಳ ತೋರುಬೆರಳು ನನ್ನ ಕೈಯಲ್ಲಿತ್ತು. ನಾನು ಎದ್ದರೆ ಅವಳು ಕೈಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ ಎಂದು ಗೊತ್ತಿತ್ತು. ಆ ಹೊತ್ತಿನಲ್ಲಿ ನಾನು ಬಹಳ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಎರಡು ತಿಂಗಳಿಂದ ಕೊಳ್ಳದವರಿಗಾಗಿ ಎದ್ದೆದ್ದು ಓಡಿದ್ದೆವು. ಕಾಲು ಏಳಲಿಲ್ಲ. ಗೋದಾಮಿನ ಕಡೆ ತಿರುಗಿ ಉಸ್ತಾದರನ್ನು ಕರೆದು, ಈಗ ಬಂದವರನ್ನು ನೋಡಿಕೊಳ್ಳಿ ಎಂದು ಕಣ್ಣಲ್ಲೇ ಹೇಳಿದೆ.

ಉಸ್ತಾದರು ಕೋಟಿಲ್ಲದೆ, ಕೈಗೆ ಅಂಟಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಹೋದರು. ಆಯಿಯೇ ಸಾಬ್ ಎಂದು ಉರ್ದುವಿನಲ್ಲಿ ಕರೆದರು, ಕುರ್ಚಿ ಕೊಟ್ಟರು, ಕೊಡದಿಂದ ನೀರು ತಂದುಕೊಟ್ಟರು. ಅವನು ಮೊದಲ ಮೇಜಿನ ಲ್ಯಾಪ್‌ಟಾಪ್ ತೋರಿಸಿ ಏನೋ ಕೇಳಿದ. ಉಸ್ತಾದರು ಅದನ್ನು ಎತ್ತಿ ಹಿಂಬದಿಗೆ ಅಂಗೈ ಇಟ್ಟು ನೋಡಿದರು. ಆಮೇಲೆ ಅವರು ಹೇಳಿದ್ದು ಮೂಲೆಯಲ್ಲಿದ್ದ ನನಗೂ ಕೇಳಿಸಿತು. ಈ ಮಾಡೆಲ್ ಬಿಸಿಯಾಗುತ್ತದೆ, ನಮ್ಮ ಊರಿನ ಸೆಕೆಗೆ ಇದು ಒಗ್ಗುವುದಿಲ್ಲ, ಇನ್ನೊಂದು ತಿಂಗಳು ತಡೆಯಿರಿ, ಹೊಸದು ಬರುತ್ತದೆ, ನಿಮ್ಮ ದುಡ್ಡು ಹಾಳುಮಾಡಬೇಡಿ. ಒಂದನೆಯ ಹಂತವೂ ಇಲ್ಲ, ಹನ್ನೊಂದನೆಯದೂ ಇಲ್ಲ. ಅವನು ತಲೆಯಾಡಿಸಿ, ನೀರು ಕುಡಿದು ಮುಗಿಸಿ, ಏಳನೆಯ ಯಂತ್ರದ ಕಡೆ ಒಮ್ಮೆ ನೋಡಿ, ಹೊರಟುಹೋದ.

ಎರಡು ಗಂಟೆ ಆ ಮನೆಯವರ ಜೊತೆ ಕೂತಿದ್ದೆ. ಹುಡುಗಿ ತನ್ನ ಹೆಸರು, ಅಪ್ಪನ ಹೆಸರು, ಅಜ್ಜಿಯ ಹೆಸರು ಬರೆದಳು. ಅಚ್ಚು ಹಾಕಿ ಕೊಟ್ಟೆ. ಅಜ್ಜಿ ತಮ್ಮ ಹೆಸರು ಯಾವುದೆಂದು ಕೇಳಿ ತಿಳಿದುಕೊಂಡು ಅದರ ಮೇಲೆ ಬೆರಳಾಡಿಸಿದರು. ಬೆಲೆಯ ಮಾತು ಬಂತು. ನಾನು ಮೌಸಿನ ಕೆಳಗಿನ ಹಾಸು, ಧೂಳು ಮುಚ್ಚುವ ಹೊದಿಕೆ, ಮನೆಗೇ ಬಂದು ಜೋಡಿಸಿಕೊಡುವುದು ಎಲ್ಲ ಸೇರಿಸಿದೆ. ಅಪ್ಪ ಎದ್ದು ನಿಂತು, "ಊಟಾ ಮಾಡಿ ಬರತೀವ್ರಿ ಅಕ್ಕಾ," ಅಂದರು.

ವ್ಯಾಪಾರ ಮಾಡುವ ಯಾರಿಗೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೂ ನಾನು ಬನ್ನಿ ಅಂದೆ. ಗಾಜಿನಾಚೆ ಅವರು ರಸ್ತೆ ದಾಟುವುದನ್ನು ನೋಡಿದೆ. ಅಪ್ಪ ಮುಂದೆ, ಅಜ್ಜಿಯ ಕೈ ಹಿಡಿದುಕೊಂಡು ಹುಡುಗಿ ಹಿಂದೆ. ಇನ್ನೊಂದು ಕೈಯಲ್ಲಿ ನಾನು ಅಚ್ಚು ಹಾಕಿಕೊಟ್ಟ ಕಾಗದ. ಅದನ್ನು ಹಿಡಿದುಕೊಂಡೇ ಅವಳು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಸ್ಟೂಲು ಎಳೆದುಕೊಡುವ ಮೊದಲೇ ಒಂದು ಯಂತ್ರದ ಮುಂದೆ ಹೋಗಿ ಎರಡೂ ಕೈ ಇಟ್ಟಳು. ಇನ್ನು ಅವಳಿಗೆ ಹೆದರಿಕೆ ಇರಲಿಲ್ಲ. ಅಲ್ಲಿ ಕೊಂಡವರಿಗೆ ಒಂದು ವಾರದ ಪಾಠ ಪುಕ್ಕಟೆ ಎಂದು ಬಾಗಿಲಿಗೇ ಬರೆದು ಹಾಕಿದ್ದರು. ಮಧ್ಯಾಹ್ನ ಪೆಟ್ಟಿಗೆ ಆಟೋ ಹತ್ತಿತು. ಅಪ್ಪ ನಮ್ಮ ಅಂಗಡಿಯ ಕಡೆ ನೋಡದಿರಲು ಬಹಳ ಪ್ರಯಾಸಪಟ್ಟರು.

ನಾನು ಅವರನ್ನು ಬೈಯುವುದಿಲ್ಲ. ಮಗಳಿಗೆ ಪಾಠ ಸಿಗುವ ಕಡೆ ನಾನಾದರೂ ಹೋಗುತ್ತಿದ್ದೆ.

ವರದಿ ವಾರದಲ್ಲಿ ಬಂತು. ಮ್ಯಾನೇಜರ್ ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಓದಲೇಬೇಕಾ ಮೇಡಂ ಎಂದು ಕೇಳಿದ. ಓದಿದೆ. ಸ್ವಾಗತ ಇಲ್ಲ, ಕೋಟು ಇಲ್ಲ, ಅನುಮತಿಯಿಲ್ಲದ ಯಂತ್ರ ಒಂದು, ಕಂಪನಿಯ ಮಾಲಿನ ಬಗ್ಗೆ ಪ್ರತಿಕೂಲ ಮಾತು. ಕೊನೆಯಲ್ಲಿ ಗುಪ್ತ ಗ್ರಾಹಕನ ಸ್ವಂತ ಅಭಿಪ್ರಾಯಕ್ಕೆ ಎರಡು ಸಾಲು ಜಾಗ ಇರುತ್ತದೆ. ಸಿಬ್ಬಂದಿಯ ಮಾತು ಪ್ರಾಮಾಣಿಕವಾಗಿತ್ತು ಎಂದು ಬರೆದಿದ್ದ. ಆ ಜಾಗಕ್ಕೆ ಅಂಕವಿಲ್ಲ.

ಉಸ್ತಾದರಿಗೆ ಅದನ್ನು ಓದಿ ಹೇಳಿದೆ.

"ನಾ ಸುಳ್ಳ ಹೇಳಬೇಕಿತ್ತೇನ್ರಿ ಅಕ್ಕಾರ?"

"ನಾ ಏಳಬೇಕಿತ್ತು ಉಸ್ತಾದ್. ನಿಮ್ಮ ತಪ್ಪಿಲ್ಲ."

ಏಳಬೇಕಿತ್ತೇ? ಎದ್ದಿದ್ದರೆ ಬೋರ್ಡು ಉಳಿಯುತ್ತಿತ್ತು, ಮತ್ತೆ ಮುಂದಿನ ಮೂರು ತಿಂಗಳು ಅದೇ ಸಲಾಮು. ಏಳದೆ ಇದ್ದದ್ದರಿಂದ ಬೋರ್ಡೂ ಹೋಯಿತು, ಗಿರಾಕಿಯೂ ಹೋದರು. ಎಷ್ಟು ತಿರುವಿ ನೋಡಿದರೂ ಈ ವ್ಯಾಪಾರದಲ್ಲಿ ನನಗೆ ಲಾಭದ ಬದಿ ಕಾಣಿಸಿಲ್ಲ. ಸಲಹೆ ಕೇಳಿದವರಿಗೆ ಸಲಹೆ ಕೊಡುವುದು ನನ್ನ ಚಟ. ಇದೊಂದರಲ್ಲಿ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಬೋರ್ಡು ಇಳಿಸಲು ಕಂಪನಿಯ ಜನ ಏಣಿ ತಂದರು. ಗೋಡೆಯಲ್ಲಿ ಕೊರೆದ ತೂತುಗಳನ್ನು ಮುಚ್ಚಿಯೇ ಹೋಗಬೇಕೆಂದು ಅವರ ಜೊತೆ ಅರ್ಧ ಗಂಟೆ ಜಗಳವಾಡಿ ಗೆದ್ದೆ. ಮೇಜು, ಗಾಜು, ಎ.ಸಿ. ಎಲ್ಲ ಒಯ್ದರು. ರಟ್ಟಿನ ತ್ರಿಕೋನವನ್ನು ಮರೆತು ಹೋದರು. ಎದುರಿನ ಬಾಗಿಲಲ್ಲಿ, ಅಂದು ನನಗೆ ಸ್ಟೂಲು ಎಳೆದುಕೊಟ್ಟಿದ್ದ ಹುಡುಗಿ ನಿಂತು ನೋಡುತ್ತಿದ್ದಳು. ನಗಲಿಲ್ಲ.

ಮತ್ತೆ ಜೋಡಣೆ, ರಿಪೇರಿ ಶುರುಮಾಡೋಣ, ಹಳೆಯ ಬೋರ್ಡು ಇದೆಯಲ್ಲ ಎಂದುಕೊಂಡು ಒಂದು ಭಾನುವಾರ ಉಸ್ತಾದರ ಮನೆಗೆ ಹೋದೆ. ಮೂರು ಮಹಡಿ ಹತ್ತಿ ಹೋದರೆ ಕಿಟಕಿಯ ಹೊರಗೆ ಕೂಲರ್ ಇತ್ತು. ಅದಕ್ಕೆ ಬಿಸಿಲು ಬೀಳದ ಹಾಗೆ ನಮ್ಮ ತಗಡನ್ನು ಕತ್ತರಿಸಿ ಚಪ್ಪರ ಮಾಡಿದ್ದರು. ಅಂಗಡಿಯ ಹೆಸರಿದ್ದ ಮೇಲಿನ ಅರ್ಧ ಗುಜರಿಗೆ ಹೋಗಿತ್ತು. ಉಳಿದದ್ದು ಕೆಳಗಿನ ಪಟ್ಟಿ, ನಮ್ಮ ಕಡೆಯವರಿಗೆಂದು ನಾನು ಕನ್ನಡದಲ್ಲಿ ಬರೆಸಿದ್ದ ಒಂದೇ ಸಾಲು: ಎಲ್ಲ ಕಂಪನಿಯ ಕಂಪ್ಯೂಟರ್ ರಿಪೇರಿ ಮಾಡಿಕೊಡಲಾಗುವುದು.

ಉಸ್ತಾದರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರು. "ಬಿಚ್ಚಿ ಕೊಡ್ಲೇನ್ರಿ ಅಕ್ಕಾರ? ಐದು ನಿಮಿಷದ ಕೆಲ್ಸ."

ಏಪ್ರಿಲ್ ಬಿಸಿಲು ತಗಡಿನ ಮೇಲೆ ಕಾಯುತ್ತಿತ್ತು. ಅದರ ಕೆಳಗೆ ಕೂಲರ್ ಸದ್ದು ಮಾಡುತ್ತಿತ್ತು, ಒಳಗೆ ಅವರ ಹೆಂಡತಿ ಮಲಗಿದ್ದರು.

"ಬ್ಯಾಡ ಉಸ್ತಾದ್," ಎಂದೆ. "ಇರಲಿ. ನೆರಳಾದ್ರೂ ಕೊಡ್ತದ."